ಲಿಮಿಟ್ ಸ್ವಿಚ್

ಪ್ರಸೀದಾ ಮೇಡಂ ಮೊದಲ ದಿನ ಕೇಳಿದ್ದು
ಎಷ್ಟು ಸೋತಿರಿ ಎಂದಲ್ಲ,
ಮೊದಲು ಗೆದ್ದದ್ದು ಯಾವಾಗ ಎಂದು.

ಹೇಳಲು ನಾಚಿಕೆಯಾಗಲಿಲ್ಲ. ಅದೇ ನಾಚಿಕೆ.
ರೂವಿಯ ಬಸ್ ಸ್ಟ್ಯಾಂಡಿನ ಹಿಂದೆ, ಶವರ್ಮಾ ಅಂಗಡಿಯೆದುರು,
ಕೊನೆಯ ಓವರಿನ ನಾಲ್ಕನೇ ಚೆಂಡಿಗೆ
ತೊಂಬತ್ತು ರಿಯಾಲ್.
ಅರ್ಧ ತಿಂಗಳ ಸಂಬಳ,
ಒಂದು ಲೋಟ ಸುಲೈಮಾನಿ ಆರುವ ಮೊದಲು.
ಆ ರಾತ್ರಿ ರೂಮಿನ ಏಳೂ ಮಂದಿಗೆ ಬಿರಿಯಾನಿ ಕೊಡಿಸಿ
ಓವರ್‌ಟೈಮ್ ಸಿಕ್ಕಿತು ಅಂದೆ.
ಮೊದಲ ಸುಳ್ಳಿಗೆ ಏಲಕ್ಕಿಯ ಪರಿಮಳವಿತ್ತು.

"ಗೆಲುವು ಬಂದು ಹೋಗುವುದಿಲ್ಲ," ಅಂದರು ಮೇಡಂ,
ಮಂಗಳೂರಿನಲ್ಲಿ ಓದುವಾಗ ಕಲಿತ,
ನಡುನಡುವೆ ಮಲಯಾಳ ಇಣುಕುವ ಕನ್ನಡದಲ್ಲಿ.
"ಮಿದುಳಿನಲ್ಲಿ ಕುರ್ಚಿ ಹಾಕಿ ಕೂತುಬಿಡುತ್ತದೆ.
ಒಂದೇ ರನ್ನಿಗೆ ತಪ್ಪಿತಲ್ಲಾ ಅನಿಸುತ್ತದೆ ನೋಡಿ,
ಅದನ್ನು ಅದು ಸೋಲು ಅಂತ ಬರೆದುಕೊಳ್ಳುವುದೇ ಇಲ್ಲ."

ನಾನು ಲಿಫ್ಟ್ ರಿಪೇರಿಯವನು.
ನನಗದು ತಂತಿಯ ಭಾಷೆಯಲ್ಲಿ ಅರ್ಥವಾಯಿತು.
ಲಿಫ್ಟಿನ ಬಾವಿಯ ತುತ್ತತುದಿಯಲ್ಲಿ ಒಂದು ಸ್ವಿಚ್ಚಿದೆ,
ಹೆಬ್ಬೆರಳಷ್ಟು.
ಪೆಟ್ಟಿಗೆ ತನ್ನ ಕೊನೆಯ ಮಹಡಿಯನ್ನೂ ದಾಟಿ ಏರಿದರೆ
ತಾಗಿ, ಟಕ್,
ಕರೆಂಟು ಕಡಿಯುತ್ತದೆ.
ಊರವರ ಕಟ್ಟಡಗಳಲ್ಲೆಲ್ಲ ಅದನ್ನು
ತಿಂಗಳಿಗೊಮ್ಮೆ ಒರೆಸಿ, ಒತ್ತಿ, ಸಹಿ ಹಾಕುತ್ತಿದ್ದೆ.

ನನ್ನ ದುಡ್ಡು ಮುಗಿಯಿತು, ಸಾಲ ಸಿಕ್ಕಿತು.
ಸಾಲ ಮುಗಿಯಿತು,
ಮೆಸ್ಸಿನ ಡಬ್ಬಿ ಕಂಡಿತು.

ಅಕ್ಷರ ದುಂಡಗಿದೆ ಅಂತ ಲೆಕ್ಕದ ಪುಸ್ತಕ ನನಗೇ ಕೊಟ್ಟಿದ್ದರು.
ಮೋನಾಕ ಅದನ್ನು ತೆರೆದ ರಾತ್ರಿ
ನಾನು ಶೂ ಹಾಕಿ ಮಂಚದ ಮೇಲೆ ಕೂತಿದ್ದೆ.
ಪೊಲೀಸು, ಜೈಲು, ವಿಮಾನ,
ಯಾವುದಕ್ಕಾದರೂ ಶೂ ಬೇಕಲ್ಲ.
ಅವರು ಪುಸ್ತಕ ಮುಚ್ಚಿ, ಬೇಳೆ ತೊಳೆಯಲು ಹೋದರು.
ಆ ತಿಂಗಳಿಡೀ ಎಂಟು ಜನ ಪರಿಪ್ಪು ಉಂಡೆವು.
ಯಾರೂ ಬೈಯಲಿಲ್ಲ.
ಬೈದಿದ್ದರೆ ಉಪ್ಪು ಸರಿಯಾಗುತ್ತಿತ್ತು.

ಕ್ಲಿನಿಕ್ಕಿನ ಮೆಟ್ಟಿಲಿನವರೆಗೆ ಬಂದವರೂ ಅವರೇ.
"ಜ್ವರಕ್ಕೆ ಹೋಗುವುದಿಲ್ಲವಾ ನೀನು?
ಹಾಗೇ ಹೋಗು."

ಸುಗಂಧಿಗೆ ಮೂರನೇ ವಾರ ಫೋನು ಮಾಡಿದೆ,
ಮೇಡಮ್ಮಿನ ಕೋಣೆಯಿಂದಲೇ, ಎಲ್ಲ ಹೇಳಿದೆ.
ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:
"ಹಾಗಾದರೆ ಮಗುವಿನ ಹುಟ್ಟುಹಬ್ಬದ ದಿನ
ನೆಟ್ ಇಲ್ಲ ಅಂದದ್ದು?"
ಸಾವಿರದಿನ್ನೂರು ರಿಯಾಲಿನ ಸುದ್ದಿ ಎತ್ತಲಿಲ್ಲ.
ಆ ನೆಟ್ಟಿನದು ಮಾತ್ರ ಕೇಳಿದಳು.

ಈಗ ಎಟಿಎಂ ಕಾರ್ಡು ಮೋನಾಕನ ಟ್ರಂಕಿನಲ್ಲಿದೆ,
ನನ್ನ ಜೇಬಿನಲ್ಲಿ ಹಳೇ ಗುಂಡಿಯೊತ್ತುವ ಫೋನು,
ಜೊತೆಗೊಂದು ಪುಟ್ಟ ಪುಸ್ತಕ.
ಆಸೆ ಬಂದಾಗ ಬರೆಯಬೇಕು: ಎಷ್ಟು ಗಂಟೆ, ಎಲ್ಲಿದ್ದೆ,
ಅದಕ್ಕೆ ಸ್ವಲ್ಪ ಮೊದಲು ಏನಾಯಿತು.
ದುಡ್ಡಿನ ಕಷ್ಟ ಬಂದಾಗೆಲ್ಲ ಅಂದುಕೊಂಡಿದ್ದೆ.
ಪುಸ್ತಕ ಬೇರೆಯೇ ಹೇಳಿತು:
ಗುರುವಾರ ಸಂಜೆ, ಊರಿನ ಫೋನಿನಲ್ಲಿ ಯಾರಾದರೂ
"ನಿನಗೇನಪ್ಪ, ಅಲ್ಲಿ ಆರಾಮ" ಅಂದ ಮೇಲೆ.

ಎರಡು ಸಲ ಜಾರಿದೆ.
ಜಾರಿದ್ದನ್ನೂ ಬರೆಯಿರಿ ಅಂದರು ಮೇಡಂ,
ಅದೇ ದುಂಡು ಅಕ್ಷರದಲ್ಲಿ.

ಇವತ್ತು ಒಂಬತ್ತು ಮಹಡಿಯ ಕಟ್ಟಡ, ಲಿಫ್ಟಿನ ನೆತ್ತಿಯ ಮೇಲೆ
ಟಾರ್ಚು ಕಚ್ಚಿಕೊಂಡು ಕೂತಿದ್ದೇನೆ.
ಕೆಳಗೆ ವಾಚ್‌ಮನ್ನಿನ ಫೋನಿನಲ್ಲಿ ಮ್ಯಾಚು.
ಬಾವಿಯೊಳಗಿಂದ ಕಾಮೆಂಟರಿ
ಗ್ರೀಸಿನ ವಾಸನೆಯೊಂದಿಗೆ ಮೇಲೆ ಹತ್ತುತ್ತದೆ.
ಅಂಗೈ ಒದ್ದೆ.
"ಜಗಳಾಡಬೇಡಿ ಅದರ ಜೊತೆ," ಅಂದಿದ್ದರು,
"ಇಪ್ಪತ್ತು ನಿಮಿಷ ಕೊಡಿ. ಏರುತ್ತದೆ. ಇಳಿಯುತ್ತದೆ."
ಏರುವುದಂತೂ ನಿಜ.

ಸ್ವಿಚ್ಚು ಒರೆಸಿದೆ. ಒತ್ತಿದೆ. ಟಕ್.
ಮತ್ತೊಮ್ಮೆ, ಸುಮ್ಮನೆ. ಟಕ್.
ಕೆಳಗೆ ಯಾರೋ ಕೂಗಿದರು,
ಸಿಕ್ಸರೋ ವಿಕೆಟ್ಟೋ, ಇಲ್ಲಿಗೆ ತಿಳಿಯುವುದಿಲ್ಲ.

ಗಡಿಯಾರಕ್ಕೆ ಟಾರ್ಚು ಹಿಡಿದೆ.
ಹದಿನಾರು ನಿಮಿಷ.

ಹದಿನೇಳು.