ಶೇಷ

ಐದು ಜನರ ಸ್ವಭಾವವನ್ನು ಅಂಕಿಗೆ ಇಳಿಸಿಕೊಡಿ ಎಂದರು
ಸಾಗರ ರಸ್ತೆಯ ಪ್ರಯೋಗಾಲಯದ ಷಡಕ್ಷರಿಯವರು.
ಪ್ರಶ್ನಾವಳಿ ಹಂಚಿದೆ. ಹೊಸಬರೊಡನೆ ಬೇಗ ಬೆರೆಯುತ್ತೀರಾ?
ಒಂದರಿಂದ ಐದರೊಳಗೆ ಗುರುತು ಹಾಕಿ.
ಹೂವಪ್ಪ ಕೇಳಿದ: ‘ಹೊಸಬರು ಅಂದ್ರೆ ಉಣುಗೂ ಸೇರಿತಾ ಮೇಡಂ?’
ಮೂರು ಹಾಕಿದ. ಎಲ್ಲದಕ್ಕೂ ಮೂರೇ ಹಾಕಿದ.

ಬೆಳಗಿನ ಆರಕ್ಕೆ ಜೀಪು. ಎಲೆ ಉದುರಿದ ಫೆಬ್ರವರಿಯ ಕಾಡು.
ಬಿಳಿ ಫ್ಲಾನೆಲ್ ಬಟ್ಟೆಯನ್ನು ನೆಲದ ಮೇಲೆ, ಗೋಣಿ ಎಳೆದಂತಲ್ಲ,
ಮಗುವಿನ ಹೊದಿಕೆ ಸರಿಸಿದ ಹಾಗೆ ಎಳೆಯಬೇಕು.
ಎಳ್ಳಿಗಿಂತ ಸಣ್ಣ ಉಣುಗುಗಳು ಹತ್ತುತ್ತವೆ;
ಮಂಗನ ಕಾಯಿಲೆ ಯಾವ ಎಳ್ಳಿನಲ್ಲಿದೆಯೋ
ಬರಿಗಣ್ಣಿಗೆ ತಿಳಿಯದು. ಮನುಷ್ಯರ ವಿಷಯದಲ್ಲೂ—
ಬೇಡ, ಹೋಲಿಕೆ ನನ್ನ ಕೆಲಸವಲ್ಲ.
ನನ್ನದು ಬಿಂದು ಮತ್ತು ಗೆರೆ.

ಎಷ್ಟು ಮಾತೋ ಅಷ್ಟು ದಪ್ಪ ಗೆರೆ.
ಹೂವಪ್ಪನಿಂದ ಎಲ್ಲರಿಗೂ. ಡ್ರೈವರ್ ಮುನೀರನಿಂದ ಹೂವಪ್ಪನಿಗೆ.
ಷಡಕ್ಷರಿಯವರಿಂದ ಕೆಳಮುಖವಾಗಿ ಮಾತ್ರ.
ವಾರಿಜಾ, ಜೆಸಿಂತಾ ನಡುವೆ
ಬಿಳಿ ಕಾಗದ.

ಎರಡು ವರ್ಷದ ಹಿಂದೆ ಒಂದು ಸೀಸೆಯ ಚೀಟಿಯಲ್ಲಿ
ನೆಲ್ಲಿಸರ ಎಂದಿರಬೇಕಾದದ್ದು ನೆಲ್ಲಿಕೊಪ್ಪ ಆಗಿತ್ತು.
ಯಾರ ಕೈಬರಹ ಎಂಬುದೇ ಜಗಳ.
ಅಂದಿನಿಂದ ಒಂದೇ ಮೇಜು, ಒಂದೇ ಮೈಕ್ರೋಸ್ಕೋಪು,
ಊಟದ ಡಬ್ಬಿಗೆ ಮಾತ್ರ ಬೆನ್ನಿಗೆ ಬೆನ್ನು.

ಮಾದರಿ ಹೇಳಿತು: ಈ ಜೋಡಿಯಲ್ಲಿ ತಪ್ಪು ಹೆಚ್ಚು.
ದಾಖಲೆ ಹೇಳಿತು: ಈ ಮೇಜಿನಲ್ಲಿ ತಪ್ಪೇ ಇಲ್ಲ.
ಮೂರು ರಾತ್ರಿ ಸಮೀಕರಣ ತಿದ್ದಿದೆ. ನಾಲ್ಕನೆಯ ದಿನ
ಸುಮ್ಮನೆ ಸ್ಟೂಲು ಎಳೆದುಕೊಂಡು ಕೂತೆ.
ಜೆಸಿಂತಾ ಚೀಟಿ ಬರೆದು ಪಕ್ಕಕ್ಕೆ ಸರಿಸುತ್ತಾಳೆ;
ವಾರಿಜಾ ಬೆಳಕಿಗೆ ಹಿಡಿದು ಎರಡು ಸಲ ಓದುತ್ತಾಳೆ
ತಪ್ಪು ಸಿಕ್ಕೀತೆಂಬ ಆಸೆಯಲ್ಲಿ.
ಸಿಗುವುದಿಲ್ಲ. ಸಿಗಬಾರದೆಂದೇ ಅವಳು ಬರೆದದ್ದು.
ಎಷ್ಟು ಹತ್ತಿರದಿಂದ ಓದಿಕೊಳ್ಳುತ್ತಾರೆ ಒಬ್ಬರನ್ನೊಬ್ಬರು!
ನನ್ನ ಗಂಡ ನನ್ನ ಒಂದು ಚೀಟಿಯನ್ನೂ ಹೀಗೆ ಓದಿಲ್ಲ.

ಮಾರ್ಚಿನಲ್ಲಿ ಹೂವಪ್ಪನಿಗೆ ಜ್ವರ.
ಅವನ ರಕ್ತ ಅದೇ ಮೇಜಿಗೆ ಬಂತು.
ಜೆಸಿಂತಾ ಹೆಸರು ಬರೆದಳು, ವಯಸ್ಸು ಬರೆದಳು, ಸರಿಸಿದಳು.
ವಾರಿಜಾ ಓದಿದಳು. ಕೊನೆಗೂ ಸಿಕ್ಕಿತು ತಪ್ಪು.
‘ನಲವತ್ತೊಂದಲ್ಲ ಮಾರಾಯ್ತಿ,’ ಅಂದಳು,
‘ಶಿವರಾತ್ರಿಗೆ ನಲವತ್ತೆರಡು ತುಂಬ್ತು ಅವನಿಗೆ.’
ಎರಡು ವರ್ಷದ ಮೇಲೆ ಮೊದಲ ಮಾತು.
ಜೆಸಿಂತಾ ತಿದ್ದಲು ಹೋಗಿ
ಪೆನ್ನಿನ ಮುಚ್ಚಳ ಹುಡುಕುತ್ತ ಮೇಜಿನ ಕೆಳಗೆ ಬಗ್ಗಿ
ಬಹಳ ಹೊತ್ತು ಏಳಲಿಲ್ಲ.

ಮಂಗನ ಕಾಯಿಲೆಯಲ್ಲ, ಬರೀ ಜ್ವರ. ಹೂವಪ್ಪ ಮರಳಿದ.
ಈಗ ಆ ಮೇಜಿನಲ್ಲಿ ಸೌತೆಕಾಯಿ ಕಡುಬು, ಮೀನಿನ ಸಾರು, ನಗು.
ಏಪ್ರಿಲ್‌ನಲ್ಲಿ ಎರಡು ಚೀಟಿ ತಪ್ಪಿದೆ.

‘ಹಾಗಾದರೆ ಜಗಳ ಹಚ್ಚಬೇಕೋ ಬಿಡಿಸಬೇಕೋ,
ಒಂದು ಸಾಲಿನಲ್ಲಿ ಹೇಳಿ,’ ಅಂದರು ಷಡಕ್ಷರಿ.
ನೂರರಲ್ಲಿ ಅರವತ್ತೊಂದು ಪಾಲು ಮಾತ್ರ
ನನ್ನ ಗೆರೆಗಳು ವಿವರಿಸುತ್ತವೆ ಸಾರ್.
ಉಳಿದದ್ದಕ್ಕೆ ನಾವು ಶೇಷ ಎನ್ನುತ್ತೇವೆ.

ಸಾಲ, ಬೆಂಕಿ, ಹಗೆ—ಮೂರರ ಶೇಷವನ್ನೂ ಉಳಿಸಬೇಡ
ಎನ್ನುತ್ತಿದ್ದಳು ಅಜ್ಜಿ. ಲೆಕ್ಕದ್ದರ ಬಗ್ಗೆ ಏನೂ ಹೇಳಿರಲಿಲ್ಲ.
ಉಳಿಸಿದ್ದೇನೆ, ವರದಿಯ ಕೊನೆಯ ಪುಟದಲ್ಲಿ.
ಅದರ ಮೇಲೆ ಷಡಕ್ಷರಿಯವರು
ಚಹದ ಲೋಟ ಇಟ್ಟಿದ್ದಾರೆ.