ನೆನೆದ ರೊಟ್ಟಿ

ಊರಲ್ಲಿ ಜೋಳದ ಚೀಲಗಳ ಸಂದಿಗೆ
ಇಲಿಪಾಷಾಣ ಇಡುತ್ತಿದ್ದವಳು ನಾನು.
ಈಗ ಪುಣೆಯ ಪಾಷಾಣ್‌ನಲ್ಲಿ ಇಲಿ ಸಾಕುತ್ತೇನೆ.
ಹೆಸರು ಕೇಳಿ ದೊಡ್ಡಕ್ಕ ಫೋನಿನಲ್ಲೇ
ಕೆಮ್ಮು ಬರುವ ತನಕ ನಕ್ಕಿದ್ದಳು.

ಬಿಳಿ ಇಲಿ, ಕೆಂಪು ಕಣ್ಣು, ಕಿವಿಗೊಂದು ನಂಬರು.
ರಾತ್ರಿ ಪಾಳಿ. ಕಾಳು ಹಾಕಬೇಕು, ಹೊಟ್ಟು ಬದಲಿಸಬೇಕು,
ನೀರಿನ ಬಾಟಲಿಯ ಮೂತಿ ಒರೆಸಬೇಕು.
ಗಾಜಿನಾಚೆ ಕೂತು ಮುಗ್ಧಾ ಮೇಡಂ
ಅವುಗಳ ತಲೆಯೊಳಗಿನ ಮಿಣುಕು ಎಣಿಸುತ್ತಾರೆ.

ಒಂದು ಸಲ ಕರೆದು ತೋರಿಸಿದರು.
ಹದಿನೇಳನೆಯದು ನಿದ್ದೆಯಲ್ಲಿತ್ತು, ಹೊಟ್ಟೆ ಮೇಲೆ ಕೆಳಗೆ.
ಪರದೆಯ ಮೇಲೆ ಚುಕ್ಕಿ ಓಡುತ್ತಿತ್ತು,
ಹಗಲು ಅದು ತಿರುಗಿದ ಅದೇ ಓಣಿಗಳಲ್ಲಿ,
ಎಡಕ್ಕೆ, ಎಡಕ್ಕೆ, ಬಲಕ್ಕೆ, ತಿಂಡಿಯ ಚೂರಿನ ತನಕ,
ಕಾಲು ಅಲ್ಲಾಡಿಸದೆ, ಭಾರೀ ಅವಸರದಲ್ಲಿ,
ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ.
ಹೀಗೆ ಓಡಿಸಿಕೊಂಡದ್ದೇ ಗಟ್ಟಿ ಉಳಿಯುತ್ತದಂತೆ.
ಹಾಗಾದರೆ ಸುತಾರವಾಡಿಯ ಏರು, ಮುಚ್ಚಳವಿಲ್ಲದ ಗಟಾರ,
ಹಾಲಿನಂಗಡಿಯ ಕುಂಟು ನಾಯಿ,
ನಾನೂ ದಿನಾ ಚಾಪೆಯ ಮೇಲೆ ದಾಟುತ್ತಿರಬೇಕು.

ಗಂಟೆ ಬಾರಿಸಿ ಕಾಲಿಗೆ ಕರೆಂಟು ಮುಟ್ಟಿಸಿದ್ದರು ಅದಕ್ಕೆ.
ಆಮೇಲೆ ಬರೀ ಗಂಟೆಗೇ ಕಲ್ಲಾಗುತ್ತಿತ್ತು.
ಒಂದು ದಿನ ಹಾಗೆ ಕಲ್ಲಾದ ಹೊತ್ತಿಗೇ
ಸೂಜಿ ಚುಚ್ಚಿದರು.
ಮರುದಿನ ಗಂಟೆ ಬಾರಿಸಿದರೆ
ಮೀಸೆ ಒರೆಸಿಕೊಳ್ಳುತ್ತ ಕೂತಿತು.
ಸುಮ್ಮನೆ ಕೂತಿದ್ದಾಗ ಅದೇ ಸೂಜಿ ತಿಂದ
ಹದಿನೆಂಟನೆಯದಕ್ಕೆ ಹೆದರಿಕೆ ಹಾಗೇ ಇತ್ತು.

ಮೇಡಂ ಮರಾಠಿಯಲ್ಲಿ ಬಿಡಿಸಿ ಹೇಳಿದರು:
ಹೊರಗೆ ತೆಗೆದರೆ ನೆನಪು ಮೆತ್ತಗಾಗುತ್ತದೆ,
ಕೆಲವು ತಾಸು ಹಾಗೇ ಇದ್ದು ಮತ್ತೆ ಗಟ್ಟಿಯಾಗುತ್ತದೆ,
ನಡುವೆ ತಾಗಿದ್ದನ್ನೂ ಸೇರಿಸಿಕೊಂಡು.
ನಾನು ನನ್ನ ಡಬ್ಬಿ ತೆರೆದೆ.
ಖಡಕ್ ರೊಟ್ಟಿಗೆ ನೀರು ಚಿಮುಕಿಸಿ, ತಾಳಿ, ಮಡಚಿ ತೋರಿಸಿದೆ.
ಇದನ್ನೀಗ ಒಣಗಲು ಬಿಟ್ಟರೆ
ಮಡಿಕೆಯ ಸಮೇತ ಒಣಗುತ್ತದೆ ಮೇಡಂ.
ನಮ್ಮಲ್ಲಿ ಎರಡಕ್ಕೂ ಒಂದೇ ಮಾತು: ನೆನೆ.
ಮಳೆಗೆ ನೆನೆ, ತಮ್ಮನನ್ನು ನೆನೆ.
ಕೈಗವಸಿನ ಮೇಲೆ ಬರೆದುಕೊಂಡರು. ರೊಟ್ಟಿ ನಾನೇ ತಿಂದೆ.

ತಮ್ಮ ಅಂದೆನಲ್ಲ.
ಹಸಿರು ಸೈಕಲ್ಲು. ಮೇಲೆ ಗುರುಲಿಂಗ,
ಹಿಂದಿನ ಕ್ಯಾರಿಯರು ನನ್ನ ಬಲಗೈಯಲ್ಲಿ.
ಬಿಡಬ್ಯಾಡ ಅಕ್ಕಾ.
ಬಿಟ್ಟೆ.
ಕೆರೆ ಕಟ್ಟೆಯ ಕಲ್ಲು, ಬಾಯಿ ತುಂಬ ರಕ್ತ, ಮಣ್ಣಲ್ಲೊಂದು ಹಲ್ಲು.
ಮೂವತ್ತು ವರ್ಷ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.
ಎಷ್ಟು ಸಲ ತೆಗೆದು ನೋಡಿದ್ದೇನೋ ಒಬ್ಬಳೇ,
ಎಷ್ಟು ಸಲ ಕಣ್ಣೀರು ಚಿಮುಕಿಸಿದ್ದೇನೋ.

ಆ ವಾರ ದೊಡ್ಡಕ್ಕನಿಗೆ ಹೇಳಿಬಿಟ್ಟೆ.
"ನೀ ಎಲ್ಲಿದ್ದಿ ಅಲ್ಲಿ? ಮೈಮ್ಯಾಲೆ ಅಮ್ಮ ಬಂದು
ಬೇವಿನ ತಪ್ಪಲದ ಮ್ಯಾಲೆ ಮಲಗಿದ್ದಿ.
ಕೈ ಬಿಟ್ಟಾಕಿ ನಾನು. ರಾತ್ರಿ ನಿನ್ನ ಬಾಜೂ ಕೂತು
ಅತಗೋತ ಹೇಳಿದ್ದೆ."
ಸೈಕಲ್ಲಿನ ಬಣ್ಣ ಕೇಳಿದೆ.
ಕೆಂಪು ಅಂದಳು, ಒಂದು ಚೂರೂ ಯೋಚಿಸದೆ.

ಭಾನುವಾರ ಗುರುಲಿಂಗ ಬಂದ, ರಿಕ್ಷಾ ಹೊರಗೆ ನಿಲ್ಲಿಸಿ.
ಎಣ್ಣೆಗಾಯಿ ಬಡಿಸುತ್ತ, ಸುಮ್ಮನೆ ಎಂಬಂತೆ, ಕೇಳಿದೆ.
"ಹಲ್ಲೇನ? ಕಬ್ಬು ಕಚ್ಚಿ ಹೋಗಿದ್ದು ಅದು.
ಸೈಕಲ್ ಎಲ್ಲಿತ್ತು ನಮ್ಮನ್ಯಾಗ?"
ನಗುವಾಗ ಅವನ ನಾಲಿಗೆ ತಾನಾಗಿ
ಆ ಸಂದಿಗೆ ಹೋಗಿ ಬಂತು.
ನನ್ನ ಬಲಗೈ ತಟ್ಟೆಯ ಅಂಚು ಹಿಡಿದೇ ಇತ್ತು,
ಬೆರಳ ಗೆಣ್ಣು ಬೆಳ್ಳಗಾಗುವ ಹಾಗೆ.

ಬಿಡು ಅಕ್ಕಾ, ಅಂದ,
ಊಟ ಮಾಡಲಿ ತಟ್ಟೆ ಬಿಡು.