ಹಿಂದಿನ ಸಾಲು

ಐದನೇ ಸೆಮಿಸ್ಟರು, ಐಚ್ಛಿಕ ಇಂಗ್ಲಿಷು,
ಎರಡನೇ ಪತ್ರಿಕೆ: ಅಮೆರಿಕದ ಸಾಹಿತ್ಯ.
ಸಕಲೇಶಪುರದ ನಮ್ಮ ಕಾಲೇಜಿನಲ್ಲಿ ಅದಕ್ಕೆ
ಹನ್ನೊಂದು ಮಕ್ಕಳು, ಒಬ್ಬಳು ಮೇಡಮ್ಮು, ನಾನು.

ಹಣ್ಣು ಕುಯ್ಯುವ ತಿಂಗಳು. ನಾಲ್ವರು ಬಂದಿರಲಿಲ್ಲ,
ಕೇಜಿಗಿಷ್ಟು ಅಂತ ತೋಟಕ್ಕೆ ಹೋಗಿದ್ದರು.
ಉಳಿದ ಏಳು ಮಂದಿಗೆ ಇವತ್ತು ಪಾಠ ಬೇಡ, ಸಿನಿಮಾ ಎಂದೆ.
ಕಿಟಕಿಗೆ ಕಾಫಿ ಒಣಹಾಕುವ ಟಾರ್ಪಾಲು ಕಟ್ಟಿ
ಕರಿಹಲಗೆಯ ಮೇಲೆ ನನ್ನ ಗಂಡನ ಧಾರೆ ಪಂಚೆ ಇಳಿಬಿಟ್ಟೆವು.
ಅದರ ಜರಿಯಂಚೇ ಅಟ್ಲಾಂಟಿಕ್ಕಿನ ದಡವಾಯಿತು.

ಬಿಳಿ ಕಂಬಗಳ ದೊಡ್ಡ ಮನೆ. ಮೆಟ್ಟಿಲ ಮೇಲೆ
ಗಂಟೆಯಂಥ ಲಂಗ ತೊಟ್ಟ ಹುಡುಗಿ,
ಅವಳಿಗೊಂದು ಪ್ರೇಮ, ಪ್ರೇಮಕ್ಕೊಂದು ಯುದ್ಧ ಅಡ್ಡ.
ಅವಳ ಭುಜದಾಚೆ, ತೀರ ಹಿಂದೆ,
ಹತ್ತಿಯ ಹೊಲ, ಬಾಗಿದ ಚುಕ್ಕಿಗಳು, ತೆಳ್ಳಗೊಂದು ಹಾಡು.
ಎರಡು ಗಂಟೆಯಲ್ಲಿ ಕ್ಯಾಮೆರಾ
ಒಮ್ಮೆಯೂ ಅಷ್ಟು ದೂರ ನಡೆದು ಹೋಗಲಿಲ್ಲ.

ಪಾಸ್‌ಬುಕ್ ಎಂಟ್ರಿಗೆಂದು ಪೇಟೆಗೆ ಬಂದಿದ್ದ ಅಮ್ಮ,
ಸರ್ವರ್ ಡೌನು, ಮೂರರ ಮೇಲೆ ಬಾ ಅಂದರಂತೆ,
ಕಡೆಯ ಬೆಂಚಿನಲ್ಲಿ ಕೂತಿದ್ದಳು, ಚೀಲ ಮಡಿಲಲ್ಲಿಟ್ಟು.
ಹುಡುಗಿ ಅತ್ತಳು, ಮನೆ ಉರಿಯಿತು, ಕುದುರೆ ಓಡಿದವು.
ಅಮ್ಮ ನೋಡುತ್ತಿದ್ದುದು ಅದನ್ನಲ್ಲ.

'ಆ ಹಿಂದಿನವಳು' ಎಂದಳು ಕತ್ತಲಲ್ಲಿ, ದೊಡ್ಡದಾಗಿ,
'ಎಡಗಡೆಯಿಂದ ಎರಡನೆಯವಳು. ಅವಳು ಕೀಳ್ತಾ ಇಲ್ಲ ಮಾರಾಯ್ತಿ.
ಚೀಲ ನೋಡು, ಹೆಗಲನ್ನು ಎಳೆಯೋದೇ ಇಲ್ಲ.
ಸಂಜೆ ತಕ್ಕಡಿಗೆ ಏನು ಹಾಕ್ತಾಳಂತೆ?'

ಏಳೂ ಜನ ನಕ್ಕರು. ಆಮೇಲೆ ನಗಲಿಲ್ಲ.
ತನುಜ ಎದ್ದು ಚಿತ್ರ ನಿಲ್ಲಿಸಿದಳು.
ಎಡಗಡೆಯಿಂದ ಎರಡನೆಯವಳನ್ನು ನೋಡಿದೆವು:
ಮುಖವಿಲ್ಲ, ಪಂಚೆಯ ನೇಯ್ಗೆಯಷ್ಟೇ ಇತ್ತು.

ಕಲೆ ಸಮಾಜಕ್ಕೆ ಹಿಡಿದ ಕನ್ನಡಿ, ಚರ್ಚಿಸಿ.
ಒಂಬತ್ತು ವರ್ಷದಿಂದ ಉತ್ತರ ಬರೆಸುತ್ತಿದ್ದೇನೆ.
ಕನ್ನಡಿ ಹಿಡಿದ ಕೈ ಯಾವ ಜಗಲಿಯ ಮೇಲೆ ನಿಂತಿತ್ತು,
ಅದನ್ನು ಬರೆಸಿರಲಿಲ್ಲ.

ಅವಸರವಸರವಾಗಿ ಹೇಳಿದೆ: ಆಮೇಲೆ
ಆ ಚುಕ್ಕಿಗಳ ಮೊಮ್ಮಕ್ಕಳು ಕಾದಂಬರಿ ಬರೆದರು,
ಹಳೆಯ ಖರೀದಿ ಪುಸ್ತಕದಲ್ಲಿ, ಹೇಸರಗತ್ತೆಗೂ ನೇಗಿಲಿಗೂ ನಡುವೆ,
ಅಜ್ಜಿಯ ಹೆಸರು ಹುಡುಕಿದರು. ದೊಡ್ಡ ರೈಟರ್ಸು ಅವರೆಲ್ಲ.
'ರೈಟರಾ?' ಅಮ್ಮ ಬೆಚ್ಚಿದಳು.

ನಮ್ಮ ಲೈನಿನಲ್ಲಿ ರೈಟರೆಂದರೆ ಒಬ್ಬರೇ,
ಮಸ್ಕರೇನಸ್ ರೈಟರು. ಕಿವಿಗೆ ಪೆನ್ಸಿಲು, ಕಂಕುಳಲ್ಲಿ ಚೆಕ್‌ರೋಲು.
ಘಟ್ಟ ಹತ್ತಿ ಬಂದ ಅಜ್ಜಿ ಕೊರಪೊಳು ಎಂದು ಹೆಸರು ಹೇಳಿದಾಗ
ಮೂರು ಸಲ ಕೇಳಿ, ಸ್ಪೆಲಿಂಗ್ ಕೂಡದೆ, 'ಕಮಲ' ಎಂದು ಬರೆದುಕೊಂಡರು.
ಕೆಟ್ಟವರೇನಲ್ಲ. ಕ್ರಿಸ್ಮಸ್ಸಿಗೆ ಕುಸ್ವಾರು ಕೊಡುತ್ತಿದ್ದರು.
ಮೂವತ್ತೊಂದು ವರ್ಷ ಸಂಬಳ ತಗೊಂಡವಳು ಕಮಲ.
ಸತ್ತವಳು ಕೊರಪೊಳು.
ಪಿಎಫ್ ದುಡ್ಡು ಇನ್ನೂ ಅವರಿಬ್ಬರ ನಡುವೆ ಎಲ್ಲೋ ಇದೆ.

'ಹಾಗಾದರೆ ಅವರೂ ನಾವೂ ಒಂದೇನಾ ಮೇಡಂ?'
ಕೇಳಿದ್ದು ಪುನೀಶ, ಮೇಸ್ತ್ರಿಯ ಮಗ.
ಎರಡು ಉತ್ತರ ನನ್ನ ಬಾಯಲ್ಲಿ ಒಂದನ್ನೊಂದು ತಳ್ಳಿದವು.
ಅಮ್ಮ ತಡ ಮಾಡಲಿಲ್ಲ. 'ಅಲ್ಲ ಮಗ.
ನಮ್ಮನ್ನು ಯಾರೂ ಮಾರಲಿಲ್ಲ.
ಮುಂಗಡ ಕೊಟ್ಟರು.'

ಟಾರ್ಪಾಲು ಬಿಚ್ಚಿದಾಗ ಬಿಸಿಲು ಕಣ್ಣಿಗೆ ಚುಚ್ಚಿತು.
ಮುಂದಿನ ಗಂಟೆ ಹೊಡೆಯುವ ಮೊದಲು ಹಾಜರಿ ಪುಸ್ತಕ ತೆರೆದೆ.
ಎಪ್ಪತ್ತೈದು ಪರ್ಸೆಂಟಿಗೆ ಕಮ್ಮಿಯಾದರೆ ಪರೀಕ್ಷೆಗಿಲ್ಲ,
ತೋಟದಲ್ಲಿದ್ದ ಆ ನಾಲ್ವರ ಮುಂದೆ ಪೆನ್ನು ನಿಂತಿತು.

ಅಮ್ಮ ಹಿಂದೆ ಬಂದು ನಿಂತು ನೋಡಿದಳು,
ಹೆಸರುಗಳ ಉದ್ದ ಸಾಲು, ಪುಟ್ಟ ಪುಟ್ಟ ಚೌಕ.
ಅವಳಿಗೆ ಓದಲು ಬಾರದಿದ್ದರೂ ಈ ಪುಸ್ತಕದ ಗುರುತು ಹತ್ತಿತು.
ತಲೆ ನೇವರಿಸಿದಳು.
'ಅಂತೂ ನೀನೂ ರೈಟರಾದೆ' ಎಂದಳು.
ಮೂರು ಹೊಡೆದಿತ್ತು. ಬ್ಯಾಂಕಿಗೆ ಹೋದಳು.